ಮರದ ಸೀರೆಯ ಮಡಿ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನದು. ನನಗಿರುವುದು ಎಳೆ ಕಿತ್ತು ನೋಡುವ ಚಟ. ಆದವಾನಿಯ ಹತ್ತಿ ವ್ಯಾಪಾರಿಗೆ ಇದು ಬರದಿದ್ದರೇ ಆಶ್ಚರ್ಯ. ಅಂಡಿಗೆಯ ಮೂಟೆಯಿಂದ ಚಿಟಿಕೆ ಹತ್ತಿ ತೆಗೆದು, ಎರಡು ಹೆಬ್ಬೆರಳುಗಳ ನಡುವೆ ಎಳೆದು, ಎಳೆಯ ಉದ್ದ ನೋಡಿ ಬೆಲೆ ಹೇಳುವುದು ನಮ್ಮ ಕಸುಬು. ಕಷ್ಟವೆಂದರೆ, ಪೇಟೆ ಮುಗಿದು ಮನೆ ಬಂತು ಎಂಬುದು ಬೆರಳುಗಳಿಗೆ ತಿಳಿಯುವುದಿಲ್ಲ. ಒಮ್ಮೆ ಬೀಗರ ಹೆಗಲ ಶಾಲಿನಿಂದಲೇ ಎಳೆ ಕಿತ್ತಿದ್ದೆ. ಅವರು ಇರುವೆ ಎಂದುಕೊಂಡು ಕೊಡವಿಕೊಂಡರು.

ನಮ್ಮ ಅವ್ವನಿಗೆ ಮಡಿ ಹೆಚ್ಚು. ಪೂಜೆಗೆ ಕೂರುವವರು ಹತ್ತಿ ಬಟ್ಟೆಯನ್ನು ಆಗತಾನೆ ಹಿಂಡಿ ಒದ್ದೆಯಾಗಿಯೇ ಉಡಬೇಕು. ರೇಷ್ಮೆಗೆ ಮಾತ್ರ ರಿಯಾಯಿತಿ, ಒಣಗಿದ್ದೇ ನಡೆಯುತ್ತದೆ. ನಾನು ಮದುವೆಯ ರೇಷ್ಮೆ ಮಗುಟ ಉಟ್ಟು ಬೆಚ್ಚಗೆ ಶಿವನ ಮುಂದೆ ಕೂರುತ್ತಿದ್ದೆ. ಹೀಗಿರುವಾಗ ಶ್ರಾವಣದಲ್ಲಿ ಹೊಳಗುಂದದಿಂದ ನನ್ನ ಹೆಂಡತಿಯ ಅಣ್ಣ ಬಂದು, "ರೇಷ್ಮೀದು ತಂಗೀ, ಸೋಮವಾರದ ಪೂಜಿಗೆ ಉಟ್ಕೊ" ಎಂದು ಒಂದು ಸೀರೆ ಕೊಟ್ಟು ಹೋದ.

ಅವ್ವನಿಗೆ ಅದರ ಹೊಳಪು ನೋಡಿಯೇ ಅನುಮಾನ. "ರೇಷ್ಮಿ ಇಷ್ಟು ಮಿಂಚತೈತೇನು? ಎಳಿ ನೋಡಾವ ನೀನು, ಹೇಳಪ್ಪ" ಎಂದಳು. ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳ ತವರಿನ ಮಾನ ನನ್ನ ಬೆರಳುಗಳ ಪಾಲಿಗೆ ಬಂದಿತ್ತು. ಬುದ್ಧಿಯಿದ್ದವನು "ರೇಷ್ಮೆಯೇ" ಎಂದು ಹೇಳಿ ಊಟಕ್ಕೆ ಏಳುತ್ತಿದ್ದ.

ನಾನು ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತೆ. ಹತ್ತಿಯ ತುಂಡು ಎಳೆ ಅಲ್ಲ, ಬಿಚ್ಚಿದಷ್ಟೂ ಉದ್ದ. ದೀಪಕ್ಕೆ ಹಿಡಿದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು. ಇದು ಕಾಗದ ಸುಟ್ಟ ವಾಸನೆ! ಹತ್ತಿ ಕೊಳ್ಳಲು ಮುಂಬಯಿಯಿಂದ ಬರುವ ಸೇಟು ಹೇಳಿದ್ದು ನೆನಪಾಯಿತು. ಪರದೇಶದಲ್ಲಿ ಮರವನ್ನು ಅರೆದು, ಔಷಧಿ ಹಾಕಿ ಗಂಜಿ ಮಾಡಿ, ಸಣ್ಣ ತೂತುಗಳಲ್ಲಿ ಶಾವಿಗೆಯಂತೆ ಒತ್ತಿ ನೂಲು ತೆಗೆಯುತ್ತಾರಂತೆ. ಅಂದು ನಂಬಿರಲಿಲ್ಲ. ಇಂದು ಅದು ಕೈಯಲ್ಲೇ ಇದೆ ಎಂದರೆ ಸಂತೋಷ ತಡೆಯುವುದು ಹೇಗೆ?

"ಅವ್ವಾ, ಇದು ಹುಳದ್ದಲ್ಲ, ಮರದ್ದು!" ಎಂದು ಕೂಗಿಬಿಟ್ಟೆ.

"ನಮ್ಮಣ್ಣಗ ಅಂಗಡ್ಯಾವ ಮೋಸ ಮಾಡ್ಯಾನ ಅನ್ರಿ" ಎಂದಳು ಹೆಂಡತಿ. ಅವಳ ಕಣ್ಣು ತುಂಬಿದ್ದು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು.

ಅವ್ವನ ಯೋಚನೆ ಬೇರೆ ಕಡೆಗಿತ್ತು. "ರೇಷ್ಮಿ ಹುಳ ಹಾರಿಹೋದ ಮ್ಯಾಲ ಬಿಟ್ಟ ಗೂಡು ತರ್ತಾರಲ್ಲ?" ಎಂದು ಕೇಳಿದಳು.

"ಎಲ್ಲಿ ಹಾರತೈತಿ? ಹಾರಿದ್ರ ಎಳಿ ತುಂಡಾಕ್ಕತಿ. ಗೂಡಿನ್ಯಾಗ ಹುಳ ಇದ್ದಂಗ ಕುದಿಯಾ ನೀರಿಗೆ ಹಾಕ್ತಾರ" ಎಂದೆ, ಮಹಾ ಪಂಡಿತನಂತೆ.

"ಶಿವಶಿವಾ! ಅಂಥಾ ರೇಷ್ಮಿ ಸುತ್ಕೊಂಡು ಇಷ್ಟು ವರ್ಷ ಪೂಜಿ ಮಾಡೀನೇನು?" ಅವ್ವ ಹೊಸ ಸೀರೆಯನ್ನು ಕೈಗೆತ್ತಿಕೊಂಡಳು. ಆಮೇಲೆ ಸೊಸೆಯ ಕಡೆ ತಿರುಗಿ, "ಮರದ್ದ ಚೊಲೊ. ಜೀವ ಹೋಗಿಲ್ಲ. ರೇಷ್ಮಿ ಬದಲು ಇದನ್ನ ಒಣಗಿದ್ದ ಉಟ್ಕೊಳ್ಳವ್ವ" ಎಂದಳು. ನನಗೆ ಹೇಳಿದ್ದು, "ನಿನ್ನ ಮಗುಟ ಪೆಟ್ಟಿಗ್ಯಾಗ ಇಡು."

"ನಮ್ಮಣ್ಣ ಎಲ್ಲಾ ತಿಳಕೊಂಡೇ ತಂದಾನ್ರಿ" ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ.

ಈಗ ಕಾರ್ತಿಕದ ಚಳಿ. ಅವಳು ಮರ ಉಟ್ಟು ಬೆಚ್ಚಗೆ ಹೂ ಏರಿಸುತ್ತಾಳೆ. ಪಕ್ಕದಲ್ಲಿ ನಾನು ಒದ್ದೆ ಹತ್ತಿ ಪಂಚೆಯಲ್ಲಿ ನಡುಗುತ್ತ ಕೂರುತ್ತೇನೆ. ಮರಕ್ಕೆ ಸಿಕ್ಕ ರಿಯಾಯಿತಿ ಹತ್ತಿಗೆ ಏಕಿಲ್ಲ, ಅದೂ ಗಿಡದ್ದೇ ಅಲ್ಲವೇ ಎಂದು ಕೇಳಲು ದಿನಾ ಬಾಯಿ ತೆರೆಯುತ್ತೇನೆ, ದಿನಾ ಮುಚ್ಚುತ್ತೇನೆ. ಕೇಳಿದರೆ ಅವ್ವ ಹತ್ತಿಯ ಹುಟ್ಟನ್ನೂ ವಿಚಾರಿಸುತ್ತಾಳೆ. ಹತ್ತಿಕಾಯಿಯಲ್ಲಿ ಕೂತ ಹುಳಗಳು ಬೀಜ ಬಿಡಿಸುವ ಜಿನ್ನಿನ ಯಂತ್ರಕ್ಕೆ ಸಿಕ್ಕು ಏನಾಗುತ್ತವೆಂಬುದು ಈ ಮನೆಯಲ್ಲಿ ನನಗೊಬ್ಬನಿಗೇ ಗೊತ್ತು. ಒದ್ದೆಯದಾದರೂ ಸರಿ, ಮೈಮೇಲೆ ಒಂದು ಪಂಚೆ ಉಳಿಯಲಿ ಎಂದು ಹಲ್ಲು ಕಚ್ಚಿ ಗಂಟೆ ಬಾರಿಸುತ್ತಿದ್ದೇನೆ.