ಸೆಂಟು ಹಾಕಿದ ಗಂಡೂ ನನ್ನ ಮೂಗೂ

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಮನುಷ್ಯರನ್ನು ಓದೋಕೆ ಕ್ಲಾಸು ಬೇಕಿಲ್ಲ, ಮೂಗಿದ್ದರೆ ಸಾಕು ಅಂತ ಬಹಳ ವರ್ಷ ನಂಬಿದ್ದೆ.

ನನ್ನ ಕಾನೂನು ಹೀಗಿತ್ತು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿದೋನನ್ನು ನಂಬಬಹುದು. ಹರಳೆಣ್ಣೆ ವಾಸನೆ ಬಂದರೆ ತಾಯಿ ಮಾತು ಕೇಳೋನು, ಹೆಂಡತಿಗೆ ಕಷ್ಟ. ಕುತ್ತಿಗೆಗೆ ಪೌಡರ್ ಬಳಿದೋನು ಸ್ನಾನಕ್ಕೆ ಸೋಮಾರಿ. ಸೆಂಟು ಹಾಕಿದೋನು ಮಾತ್ರ ಏನನ್ನೋ ಮುಚ್ಚಿಡ್ತಾನೆ. ಇದಕ್ಕೆ ನನ್ನ ಹತ್ತಿರ ಸಾಕ್ಷಿಯೂ ಇತ್ತು. ನಂಜನಗೂಡಿನ ನಮ್ಮ ಮನೆ ಹಿಂದಿನ ಕೋಣೆಗೆ ಒಬ್ಬ ಬಾಡಿಗೆಗೆ ಬಂದಿದ್ದ. ದಿನಾ ಘಮಘಮ ಅಂತ ಹೊರಡೋನು. ಮದುವೆ ಆಗಿಲ್ಲ ಅಂದಿದ್ದ. ಒಂದು ಭಾನುವಾರ ಬನ್ನೂರು ಬಸ್ಸಿಂದ ಅವನ ಹೆಂಡತಿ ಎರಡು ಮಕ್ಕಳ ಸಮೇತ ಬಂದಿಳಿದಳು. ಅವತ್ತಿಂದ ನಮ್ಮ ಬೀದೀಲಿ ನನ್ನ ಮೂಗಿಗೆ ಮರ್ಯಾದೆ ಹೆಚ್ಚಾಯ್ತು. ನನಗೆ ಕೊಬ್ಬೂ ಹೆಚ್ಚಾಯ್ತು.

ಬೀದಿಗೆ ಎರಡೋ ಮೂರೋ ಫೋನಿದ್ದ ಕಾಲ ಅದು. ಮೊಮ್ಮಗಳು ಶೋಭನ್ನ ನೋಡೋಕೆ ಟಿ. ನರಸೀಪುರದಿಂದ ಗಂಡಿನ ಕಡೆಯೋರು ಬಂದರು. ಹುಡುಗನ ಹೆಸರು ಮಹೇಶ. ಸ್ವಂತ ಗೊಬ್ಬರದಂಗಡಿ, ಒಂದಿಷ್ಟು ಗದ್ದೆ. ಹುಡುಗ ಇನ್ನೂ ಗೇಟಿನ ಹತ್ತಿರ ಚಪ್ಪಲಿ ಬಿಡ್ತಿದ್ದ, ಅವನ ಸೆಂಟು ಆಗಲೇ ನಡುಮನೇಲಿ ಬಂದು ಕೂತಿತ್ತು.

ಅಡುಗೆಮನೇಲಿ ಉಪ್ಪಿಟ್ಟು ತಟ್ಟೆಗೆ ಹಾಕ್ತಿದ್ದಾಗ ನಮ್ಮ ಯಜಮಾನರು ಬಂದು, "ಹುಡುಗ ಲಕ್ಷಣವಾಗವ್ನೆ ಕಣೆ. ಹಣೇಲಿ ವಿಭೂತಿ, ಬಾಯಲ್ಲಿ ಮರ್ಯಾದೆ" ಅಂದರು.

"ಮೈಮೇಲೆ ಸೆಂಟು" ಅಂದೆ.

"ಒಳ್ಳೇ ವಾಸನೆ. ಎಲ್ಲಿ ತಗೊಂಡ್ರಿ ಅಂತ ಕೇಳ್ಲಾ?"

ಇವರನ್ನು ಕಟ್ಟಿಕೊಂಡು ನಲವತ್ತೈದು ವರ್ಷ ಹೆಣಗಿದೀನಿ.

ಹೊರಡೋ ಹೊತ್ತಿಗೆ ಮಹೇಶ ನನ್ನ ಕಾಲಿಗೆ ಬಿದ್ದ. ಕಾಲಿಗೆ ಬಿದ್ದೋರ ತಲೆ ಮುಟ್ಟಿ ಹರಸೋದು ಪದ್ಧತಿಯಲ್ಲವೇ? ನಾನು ಎರಡೂ ಕೈಲಿ ತಲೆ ಒತ್ತಿ ಹಿಡಿದು, ಬಗ್ಗಿ, ಮೂಗು ಊರಿ ಉಸಿರೆಳೆದೆ. ಸೆಂಟಿನ ಕೆಳಗೆ ಇನ್ನೊಂದು ವಾಸನೆ ಇತ್ತು. ಗಂಟಲು ಕೆರೆಯೋ ಅಂಥ ಘಾಟು. ಖಾತ್ರಿಯಾಗಲಿ ಅಂತ ಇನ್ನೊಂದ್ಸಲ ಎಳೆದೆ. ಹುಡುಗ ಏಳೋಕೆ ನೋಡ್ತಾನೆ, ನಾನು ಬಿಡ್ತಿಲ್ಲ.

"ಅಜ್ಜಿ ಆಶೀರ್ವಾದ ಗಟ್ಟಿಯಾಗೇ ಮಾಡ್ತಾವ್ರೆ" ಅಂದಳು ಅವನ ತಾಯಿ ಗೌರಮ್ಮ.

ಅವರು ಬೀದಿ ತಿರುವು ದಾಟಿದ ತಕ್ಷಣ ತೀರ್ಪು ಕೊಟ್ಟೆ. "ಹುಡುಗ ಕುಡೀತಾನೆ."

"ಅಜ್ಜಿ, ನಾನು ಒಪ್ಕೊಂಡಿದೀನಿ" ಅಂದಳು ಶೋಭ.

"ನೀನು ಮುಖ ನೋಡಿ ಒಪ್ಕೊಂಡೆ. ನಾನು ತಲೆ ಮೂಸಿದೀನಿ."

"ನಿನ್ನ ಮೂಗಿಗೆ ಬಿಟ್ರೆ ಈ ಜನ್ಮದಲ್ಲಿ ನಂಗೆ ಮದುವೆ ಆಗಲ್ಲ. ಹೋದ ಸಲ ಬಂದೋನಿಗೆ ಪೌಡರ್ ಜಾಸ್ತಿ ಅಂದೆ, ಅದಕ್ಕೆ ಮುಂಚಿನೋನಿಗೆ ಎಣ್ಣೆ ಕಮ್ಮಿ ಅಂದೆ. ಇವನೂ ತಪ್ಪಿದ್ರೆ ನಾನು ಇನ್ನು ಯಾರ ಮುಂದೇನೂ ಬಂದು ಕೂರಲ್ಲ."

ಅವಳು ಅಳಲಿಲ್ಲ. ಊಟದ ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದುಹೋದಳು. ಅದು ಅಳೋದಕ್ಕಿಂತ ಕೆಟ್ಟದ್ದು. ಅವಳಪ್ಪ, ಅಂದರೆ ನನ್ನ ಮಗ, ಒಂದು ವಾರ ಟೈಮ್ ಕೊಡಿ ಅಂತ ಅವರಿಗೆ ಹೇಳಿಕಳಿಸಿದ.

ಮಾರನೇ ದಿನ ನರಸೀಪುರದ ಸಂಗಮದಲ್ಲಿ ಮುಳುಗಿ ಬರ್ತೀನಿ ಅಂತ ಸುಳ್ಳು ಹೇಳಿ ಬಸ್ಸು ಹತ್ತಿದೆ. ವಿಚಾರಣೆ ಅಂದಮೇಲೆ ಕ್ರಮಬದ್ಧವಾಗಿ ಆಗಬೇಕು. ಕುಡಿಯೋರ ಪಟ್ಟಿ ಮಾರೋನ ಹತ್ತಿರ ತಾನೇ ಇರೋದು? ನೇರ ಬ್ರಾಂದಿ ಅಂಗಡಿ ಮುಂದೆ ಹೋಗಿ ನಿಂತೆ. ಬೆಳಗ್ಗೆ ಹನ್ನೊಂದು ಗಂಟೆ. ತಲೆ ತುಂಬ ಸೆರಗು, ಹಣೆ ತುಂಬ ವಿಭೂತಿ, ಕೈಲಿ ಚೀಲ.

"ಅಜ್ಜಿಗೆ ಜಾಗ ಬಿಡ್ರಲಾ" ಅಂದ ಒಬ್ಬ. ಎಲ್ಲರೂ ಬಿಟ್ಟರು. ದೇವಸ್ಥಾನದಲ್ಲೂ ನನಗೆ ಅಷ್ಟು ಬೇಗ ಜಾಗ ಸಿಕ್ಕಿಲ್ಲ.

"ಏನ್ ಕೊಡ್ಲಿ ಅಜ್ಜಿ? ಕ್ವಾರ್ಟರಾ?" ಅಂದ ಅಂಗಡಿಯೋನು.

"ಮಹೇಶ ಬರ್ತಾನೇನಪ್ಪ ಇಲ್ಲಿಗೆ? ಗೊಬ್ಬರದಂಗಡಿ ಮಹೇಶ?"

"ದಿನಕ್ಕೆ ಹತ್ತು ಮಹೇಶ ಬತ್ತಾರೆ. ಯಾವೋನು ಅಂತ ಹೇಳ್ಲಿ?"

ಹಾಗಾದರೆ ವಾಸನೆ ತಾಳೆ ನೋಡೋದೊಂದೇ ದಾರಿ. "ಒಂದು ಬಾಟ್ಲು ಮುಚ್ಚಳ ತೆಗಿ, ಮೂಸಿ ನೋಡ್ಬೇಕು" ಅಂದೆ.

"ಮೂಸಕ್ಕೆಲ್ಲ ಕೊಡಲ್ಲ ಕಣಜ್ಜಿ."

ಪಕ್ಕದಲ್ಲಿದ್ದ ಒಬ್ಬ ಪುಣ್ಯಾತ್ಮ ಪಾಪ ಅಂತ ತನ್ನ ಲೋಟಾನೇ ಕೊಟ್ಟ. ಮೂಗಿನ ಹತ್ತಿರ ತಂದೆ. ಅಷ್ಟರಲ್ಲಿ ಹಿಂದಿಂದ ಒಂದು ದನಿ. "ಅಮ್ಮಾ, ನೀವು ನಂಜನಗೂಡಿನೋರಲ್ವ?"

ತಿರುಗಿದರೆ ಮಹೇಶನ ಸೋದರಮಾವ. ನಮ್ಮನೇಲಿ ಎರಡು ತಟ್ಟೆ ಉಪ್ಪಿಟ್ಟು ತಿಂದು ಹೋಗಿದ್ದೋನು. ನನ್ನ ಕೈಲಿ ಲೋಟ.

"ಮೂಸ್ತಿದ್ದೆ" ಅಂದೆ.

ಹೇಳಿದ್ದು ನಿಜಾನೇ. ಆದರೆ ಬ್ರಾಂದಿ ಅಂಗಡಿ ಮುಂದೆ ನಿಂತು ಈ ಮಾತು ಹೇಳಿ ನಂಬಿಸಿದೋರು ಯಾರೂ ಇಲ್ಲ.

ಮೂರನೇ ದಿನ ಪಕ್ಕದ ಮನೆಗೆ ಫೋನ್ ಬಂತು. ಮಾತಾಡಿ ಬಂದ ಮಗನ ಮುಖ ಇಷ್ಟು ಚಿಕ್ಕದಾಗಿತ್ತು.

"ಅವ್ವ, ಅವರು ಬ್ಯಾಡ ಅಂತಾವ್ರೆ. ಹುಡುಗಿ ಚಿನ್ನದಂಥೋಳು, ಆದ್ರೆ ಅಜ್ಜಿ ಕುಡೀತಾರಂತಲ್ಲ ಅಂದ್ರು. ನೋಡೋಕೆ ಬಂದ ದಿನಾನೇ ಅನುಮಾನ ಬಂದಿತ್ತಂತೆ. ಮನೆ ತುಂಬ ನೀಲಗಿರಿ ಎಣ್ಣೆ ವಾಸನೆ. ಅಷ್ಟೊಂದು ಹಚ್ಕೊಳ್ಳೋದು ಏನನ್ನೋ ಮುಚ್ಚಿಡೋಕೇ ಅಂತ."

ನನ್ನ ಕಾನೂನು ನನ್ನ ಮೇಲೇ ಜಾರಿಯಾಗಿತ್ತು! ಮಂಡಿನೋವಿಗೆ ಬೆಳಗ್ಗೆ ಸಂಜೆ ನೀಲಗಿರಿ ಎಣ್ಣೆ ಹಚ್ಚೋದು ನಿಜ. ಆದರೆ ವಾಸನೆ?

"ನಮ್ಮನೇಲಿ ನೀಲಗಿರಿ ಎಣ್ಣೆ ವಾಸನೆ ಬರುತ್ತೇನ್ರೀ?"

"ಬಸ್ ಸ್ಟ್ಯಾಂಡ್ ತನಕ ಬರುತ್ತೆ" ಅಂದರು ಯಜಮಾನರು.

"ಹತ್ತು ವರ್ಷದಿಂದ ಹಚ್ತಿದೀನಿ. ಒಂದಿನಾನೂ ಹೇಳಲಿಲ್ವಲ್ಲ?"

"ನೀನು ಕೇಳಲಿಲ್ವಲ್ಲ."

ಶೋಭ ಬಾಗಿಲಲ್ಲಿ ನಿಂತು ಎಲ್ಲಾ ಕೇಳಿಸ್ಕೊಂಡಳು. ನೀಲಗಿರಿ ಎಣ್ಣೆ ಬಾಟ್ಲು ತಂದು ನನ್ನ ಮುಂದೆ ಇಟ್ಟು ಹೋದಳು. ಬೈದಿದ್ದರೆ ನಾನೂ ಬೈದು ಮುಗಿಸ್ತಿದ್ದೆ. ಭಾನುವಾರ ಮಗನನ್ನು ಕರ್ಕೊಂಡು ಗೌರಮ್ಮನ ಮನೆಗೇ ಹೋದೆ.

ಗೌರಮ್ಮ ಬಿಗುವಾಗೇ ಇದ್ದಳು. ಆದರೂ ಹಿರೀಕರು ಅಂತ ಕಾಲಿಗೆ ನಮಸ್ಕಾರ ಮಾಡಿದಳು. ಏಳುವಾಗ ನನ್ನ ಮುಖದ ಹತ್ತಿರ ಸ್ವಲ್ಪ ತಡೆದಳು. ಮೂಗಿನ ಹೊಳ್ಳೆ ಅಲುಗಿತು. ಆ ವರಸೆ ನನಗೆ ಗೊತ್ತಿಲ್ಲವೇ?

"ಚೆನ್ನಾಗಿ ಎಳ್ಕೊಳವ್ವ" ಅಂತ ಬಾಯಿ ಅಗಲಿಸಿ ಅವಳ ಮುಖಕ್ಕೇ ಊದಿದೆ. "ನಾನೂ ನಿನ್ನ ಮಗನಿಗೆ ಇದನ್ನೇ ಮಾಡಿದ್ದು. ಅವನು ಕುಡೀತಾನೋ ಏನೋ ಅಂತ ಕೇಳೋಕೆ ಆ ಅಂಗಡಿಗೆ ಹೋಗಿದ್ದೆ. ತಪ್ಪು ನಂದು, ಹುಡುಗಿಗೆ ಶಿಕ್ಷೆ ಬ್ಯಾಡ."

ಅಷ್ಟು ಹೊತ್ತಿಗೆ ಅಂಗಡಿಯಿಂದ ಮಹೇಶ ಬಂದ. ಅವತ್ತು ಸೆಂಟಿಲ್ಲ. ಅವನ ಜೊತೆ ಅದೇ ಘಾಟು ಒಳಗೆ ಬಂತು.

"ಇದೇ ಕಣವ್ವ ನಾನು ಮೂಸಿದ್ದು" ಅಂದೆ.

"ಅಜ್ಜಿ, ಇದು ಭತ್ತದ ಹುಳಕ್ಕೆ ಹೊಡಿಯೋ ಔಷಧಿ" ಅಂದ ಮಹೇಶ. "ದಿನಾ ಅದರ ಡಬ್ಬ ಎತ್ತಿ ಇಳಿಸ್ತೀನಿ. ಎಷ್ಟು ಸೋಪು ಉಜ್ಜಿದ್ರೂ ಹೋಗಲ್ಲ. ಹೆಣ್ಣು ನೋಡಕ್ಕೆ ಹೊಂಟಾಗ ನಮ್ಮವ್ವ ಅರ್ಧ ಬಾಟ್ಲು ಸೆಂಟು ಸುರಿದ್ಲು. ಬಸ್ಸಲ್ಲಿ ನಂಗೇ ತಲೆ ತಿರುಗ್ತು."

ಗೌರಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮೊದಲು ನಕ್ಕಿದ್ದು ಅವಳೇ. "ಮುಚ್ಚಿಟ್ಟಿದ್ದು ನಿಜ ಕಣಮ್ಮ" ಅಂದಳು. ಮದುವೆ ಗೊತ್ತಾಯ್ತು. ಶೋಭ ಒಂದೇ ಒಂದು ಷರತ್ತು ಹಾಕಿದಳು. ಮದುವೆ ದಿನ ಅಜ್ಜಿ ನೀಲಗಿರಿ ಎಣ್ಣೆ ಮುಟ್ಟಬಾರದು.

ಮುಟ್ಟಬಾರದು ಅಂತಲೇ ಇದ್ದೆ. ಛತ್ರದ ಮೆಟ್ಟಿಲು ನೋಡಿದ ಮೇಲೆ ಮಂಡಿ ಕೇಳಲಿಲ್ಲ. ಯಾರಿಗೂ ಕಾಣದ ಹಾಗೆ ಒಂದೇ ಒಂದು ಚೂರು ಸವರಿಕೊಂಡೆ. ಮಹೇಶನಿಗೆ ಗೊತ್ತಾಗಿಬಿಟ್ಟಿತು. "ಶೋಭಂಗೆ ಹೇಳಲ್ಲ ಸುಮ್ಕಿರಜ್ಜಿ" ಅಂತ ತನ್ನ ಸೆಂಟು ಬಾಟ್ಲು ತಂದು ನನ್ನ ಸೆರಗಿನ ತುಂಬ ಚಿಮುಕಿಸಿದ.

ಧಾರೆ ಹೊತ್ತಿಗೆ ಸುತ್ತೂರಿಂದ ನನ್ನ ತಂಗಿ ಬಂದು ಹಿಂದಿನ ಕುರ್ಚೀಲಿ ಕೂತಳು. ಅವಳದೂ ನಮ್ಮಪ್ಪನ ಮೂಗೇ. ಪಕ್ಕದೋಳ ಕಿವೀಲಿ ಪಿಸುಗುಟ್ಟಿದ್ದು ನನಗೂ ಕೇಳಿಸಿತು.

"ನಮ್ಮಕ್ಕ ಈ ವಯಸ್ಸಲ್ಲಿ ಇಷ್ಟು ಸೆಂಟು ಹಾಕವ್ಳಲ್ಲ, ಏನೋ ಮುಚ್ಚಿಡ್ತಾವ್ಳೆ ಕಣವ್ವ."

ತಿರುಗಿ ನಾಲ್ಕು ಬೈಯೋಣ ಅನ್ನಿಸಿತು. ಬಾಯಿ ಬಿಟ್ಟರೆ ಅದನ್ನೂ ಮೂಸ್ತಾಳೆ ಅಂತ ಸುಮ್ಮನೆ ಅಕ್ಷತೆ ಹಾಕಿದೆ.