ಹದಿನೇಳನೆಯ ಚಿತ್ರದಲ್ಲಿ ಮುಚ್ಚದೆ ಉಳಿದ ಕಿರುಬೆರಳಿನ ಬಗ್ಗೆ

ಸುತ್ತೋಲೆ ಸಂಖ್ಯೆ: ಮಸಿ/17/ಬೆರಳು-1
ದಿನಾಂಕ: ಇದೇ ತಿಂಗಳ 13

ವಿಷಯ: "ಇದು ನನ್ನ ಮಗನ ಕಾಲು ಕಣಪ್ಪ" ಎಂಬ ಮಾತು ಇಲಾಖೆಯ ಆವರಣದಲ್ಲಿ ಕೇಳಿಬಂದಿರುವ ಕುರಿತು.

ಉಲ್ಲೇಖ: (ಅ) ಸೇನಾ ಬಂದೀಖಾನೆಯಲ್ಲಿ ಕೈದಿಗಳನ್ನು ಹಿಂಸಿಸಿದ ನಲವತ್ತನಾಲ್ಕು ಛಾಯಾಚಿತ್ರಗಳನ್ನು ಜನರ ಮುಂದಿಡಬೇಕೆಂಬ ನ್ಯಾಯಾಲಯದ ಆದೇಶ.
(ಆ) ಆದೇಶದಲ್ಲಿ 'ಮುಂದಿಡಬೇಕು' ಎಂದಿದೆಯೇ ಹೊರತು 'ಕಾಣಬೇಕು' ಎಂದಿಲ್ಲವೆಂಬ ಕಾನೂನು ಶಾಖೆಯ ಅಭಿಪ್ರಾಯ.

ಇಲಾಖೆಯ ಮುಖಕ್ಕೆ ಮಸಿ ಹತ್ತಬಾರದೆಂಬ ಸದುದ್ದೇಶದಿಂದ ಕೈದಿಗಳ ಮುಖಕ್ಕೆ ಮಸಿ ಬಳಿದು, ಚಿತ್ರಗಳನ್ನು ಕೆಳಮಹಡಿಯಲ್ಲಿ ತೂಗುಹಾಕಲಾಗಿತ್ತು. ಬಳಿಯುವ ಕೆಲಸವನ್ನು ಇಪ್ಪತ್ತೆರಡು ವರ್ಷ ನಕ್ಷೆ ಬರೆದು ಕೈ ಪಳಗಿದ ಗುಮಾಸ್ತರಿಗೆ ವಹಿಸಲಾಗಿತ್ತು. ಮುಖ, ಹಗ್ಗ, ನಾಯಿ, ಸಿಪಾಯಿಯ ನಗು ಎಲ್ಲವನ್ನೂ ಅವರು ಅಚ್ಚುಕಟ್ಟಾಗಿ ಮುಚ್ಚಿದ್ದು, ಹದಿನೇಳನೆಯ ಚಿತ್ರದ ಮೂಲೆಯಲ್ಲಿ ಬಲಗಾಲಿನ ಕಿರುಬೆರಳೊಂದು ಮಾತ್ರ ಉಳಿದುಹೋಗಿದೆ. ಸದರಿ ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿರುತ್ತದೆ.

9ನೇ ತಾರೀಖು ಬಟ್ಟೆ ಹೊಲಿಯುವ ತಾಯಿಯೊಬ್ಬರು ಬಂದು, ಬೆರಳನ್ನು ನೋಡಿ, ಮೇಲ್ಕಂಡ ಮಾತನ್ನಾಡಿರುತ್ತಾರೆ. ಅವರ ಮಗನನ್ನು ತಾನು ಹಿಡಿದೇ ಇಲ್ಲವೆಂದು ಇಲಾಖೆ ಮೂರು ಬಾರಿ ಲಿಖಿತವಾಗಿ ತಿಳಿಸಿರುವುದರಿಂದ, ಬೆರಳೇ ಸುಳ್ಳು ಹೇಳುತ್ತಿದೆಯೆಂದು ತೀರ್ಮಾನಿಸಿ, ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಸಾರ್ವಜನಿಕರು ಚಿತ್ರಗಳನ್ನು ನೋಡಬಹುದು; ಗುರುತು ಹಿಡಿಯತಕ್ಕದ್ದಲ್ಲ. ಅಕಸ್ಮಾತ್ ಗುರುತು ಸಿಕ್ಕಲ್ಲಿ ಅದನ್ನು ಬಾಗಿಲ ಬಳಿ ಒಪ್ಪಿಸಿ ಹೋಗತಕ್ಕದ್ದು.

2. ಹೆತ್ತವರು, ಒಡಹುಟ್ಟಿದವರು ಮತ್ತು ಹೆಂಡತಿಗೆ ಪ್ರವೇಶವಿಲ್ಲ. ಸೋದರಮಾವಂದಿರು ಕನ್ನಡಕ ತೆಗೆದು ಬರಬಹುದು.

3. "ತೊಳೆದು ತಿಕ್ಕಿ ದೊಡ್ಡದು ಮಾಡಿದ ಕಾಲು, ನನಗೆ ಗೊತ್ತಾಗಲ್ವೇನಪ್ಪ? ಯಾವ ಚಪ್ಪಲಿ ತಂದರೂ ಆ ಬೆರಳಿಗೇ ಕಚ್ಚೋದು" ಎಂಬ ತಾಯಿಯ ಹೇಳಿಕೆಗೆ ಸಾಕ್ಷಿಯಿಲ್ಲ. ಚಪ್ಪಲಿಯನ್ನು ವಿಚಾರಣೆಗೆ ಕರೆಯಲಾಗಿದೆ.

4. ಗುಮಾಸ್ತರನ್ನು ವಿಚಾರಿಸಲಾಗಿ, "ಕಣ್ತಪ್ಪಿ ಉಳಿದುಹೋಯ್ತು ಸಾರ್" ಎಂದು ಮೊದಲಿಗೂ, "ಅಷ್ಟೂ ಮುಚ್ಚಿದೆ, ಅದೊಂದನ್ನ ಮುಚ್ಚೋಕೆ ಕೈ ಬರಲಿಲ್ಲ ಸಾರ್" ಎಂದು ನಂತರವೂ ತಿಳಿಸಿರುತ್ತಾರೆ. ಹಾಜರಿ ಪುಸ್ತಕದ ಪ್ರಕಾರ ಅಂದು ಅವರು ಎರಡೂ ಕೈಗಳ ಸಮೇತ ಬಂದಿದ್ದಾರೆ. ಆದ್ದರಿಂದ ಮೊದಲ ಉತ್ತರವನ್ನು ಮಾತ್ರ ಸ್ವೀಕರಿಸಲಾಗಿದೆ.

5. ನಾಲ್ಕು ದಿನದಿಂದ ಹೊರಗಿನ ಬೆಂಚಿನಲ್ಲಿ ಕುಳಿತು, ಹೋಗಿಬರುವವರನ್ನೆಲ್ಲ "ತಮ್ಮಾ, ಅವನು ಇದ್ದಾನೋ ಇಲ್ವೋ, ಅಷ್ಟು ಹೇಳಿಬಿಡು" ಎಂದು ಕೇಳುತ್ತಿರುವ ಸದರಿ ತಾಯಿಗೆ ಸಿಬ್ಬಂದಿ ಯಾರೂ ತಮ್ಮನಾಗತಕ್ಕದ್ದಲ್ಲ. ಗುಮಾಸ್ತರು ಈಗಾಗಲೇ ಎರಡು ಬಾರಿ ಆಗಿರುವುದು ಗಮನಕ್ಕೆ ಬಂದಿದೆ. ಒಮ್ಮೆ ನೀರನ್ನೂ ಕೊಟ್ಟಿರುತ್ತಾರೆ.

6. ಪ್ರತಿ ಚಿತ್ರದ ಹಿಂಬದಿಯಲ್ಲಿ ಕೈದಿಯ ಹೆಸರು, ಹಿಡಿದ ದಿನ ಹಾಗೂ ಅವನನ್ನು ಈಗ ಎಲ್ಲಿಡಲಾಗಿದೆ ಎಂಬ ವಿವರ ಪೆನ್ಸಿಲಿನಲ್ಲಿದೆ. ಆದ ಕಾರಣ ಚಿತ್ರಗಳಿಗೆ ಹಿಂಬದಿ ಇರುವ ಸಂಗತಿಯನ್ನು ಗೋಪ್ಯವೆಂದು ಘೋಷಿಸಲಾಗಿದೆ.

7. ಇಂದು ಸಂಜೆ ಐದರೊಳಗೆ ಗುಮಾಸ್ತರು ಬೆರಳಿಗೆ ಮಸಿ ಬಳಿದು ವರದಿ ಸಲ್ಲಿಸತಕ್ಕದ್ದು. ಐದರ ನಂತರ ಸದರಿ ಬೆರಳು ಎಂದೂ ಇರಲಿಲ್ಲವೆಂದು ಎಲ್ಲರೂ ತಿಳಿಯತಕ್ಕದ್ದು.

(ಸಹಿಗೆ ಮಸಿ ಬಳಿಯಲಾಗಿದೆ)
ಉಪ ನಿರ್ದೇಶಕರು
ಕಾಣಿಸುವಿಕೆ ಮತ್ತು ಮುಚ್ಚುವಿಕೆ ಶಾಖೆ

ಪ್ರತಿಗಳು (ಸಂಜೆ ಐದರ ನಂತರದ ಷರಾ ಸಹಿತ):
1. ನ್ಯಾಯಾಲಯಕ್ಕೆ: ಪೂರ್ತಿ ಮಸಿ ಬಳಿದ ಪ್ರತಿ, ಮಾಹಿತಿಗಾಗಿ.
2. ಬಾಗಿಲ ಕಾವಲುಗಾರರಿಗೆ: ಒಪ್ಪಿಸಿದ ಗುರುತುಗಳನ್ನಿಡಲು ಬೀರುವಿನ ಸಮೇತ.
3. ಚಪ್ಪಲಿಗೆ.
4. ಗುಮಾಸ್ತರಿಗೆ: ಐದು ಗಂಟೆಗೆ ಹೋಗಿ ನೋಡಲಾಗಿ ಕುರ್ಚಿ ಖಾಲಿ ಇದೆ. ಮಸಿ ಸೀಸೆಯ ಮುಚ್ಚಳ ತೆಗೆದಿಲ್ಲ. ಹದಿನೇಳನೆಯ ಮೊಳೆಯಲ್ಲಿ ಚಿತ್ರ ಇರುವುದಿಲ್ಲ.
5. ಬೆಂಚಿನ ತಾಯಿಗೆ: ಬೆಂಚಿನಲ್ಲಿ ಯಾರೂ ಇಲ್ಲದ ಕಾರಣ, ಪ್ರತಿಯನ್ನು ಬೆಂಚಿಗೆ ಅಂಟಿಸಲಾಗಿದೆ.