ನೊರೆಯ ಹತ್ತು ನಿಮಿಷ

ಸಾಹೇಬನ ಬಾಲ ಬೋಳಾಗುತ್ತಿರುವುದನ್ನು ಮೊದಲು ಕಂಡವಳು ಟೈಲರಮ್ಮ. ಆ ಮನೆಯಲ್ಲಿ ಏನನ್ನೇ ಆಗಲಿ ಮೊದಲು ಕಾಣುವವಳು ಅವಳೇ. ಸೋರುವ ನಲ್ಲಿ, ತಳ ಕಂಡ ಸಕ್ಕರೆ ಡಬ್ಬಿ, ಹರಿದ ದಿಂಬಿನ ಚೀಲ, ಎಲ್ಲವೂ ಅವಳ ಕಣ್ಣಿಗೇ ಬೀಳುತ್ತಿದ್ದವು. ಕಂಡವರೇ ಸರಿಮಾಡಬೇಕು ಎಂಬುದು ಅಲ್ಲಿನ ಅಲಿಖಿತ ಕಾನೂನು. ಹಾಗಾಗಿ ಉಳಿದ ಮೂವರು ಜಾಣತನದಿಂದ ಏನನ್ನೂ ಕಾಣದೆ ಸುಖವಾಗಿದ್ದರು.

ಸಾಹೇಬನೆಂದರೆ ಹನ್ನೊಂದು ವರ್ಷದ ಕಂದು ಬಣ್ಣದ ನಾಯಿ. ಅವನನ್ನು ಮನೆಗೆ ತಂದದ್ದು ಮಗಳು, ಹೆಸರಿಟ್ಟದ್ದು ಗಂಡ, ಬೈದದ್ದು ಅತ್ತೆ, ಸಾಕಿದ್ದು ಟೈಲರಮ್ಮ.

"ಇವನ ಬಾಲ ನೋಡಿದ್ರಾ? ಇಲಿ ಬಾಲ ಆಗಿದೆ. ಮೈಯೆಲ್ಲ ಹೊಟ್ಟು, ಮುಟ್ಟಿದ್ರೆ ಕೈಗೆ ಜಿಡ್ಡು," ಎಂದಳು ಗಂಡನಿಗೆ.

"ವಯಸ್ಸಾಯ್ತಲ್ಲೇ," ಎಂದ ಗಂಡ ತನ್ನ ನೆತ್ತಿಯನ್ನು ಸವರಿಕೊಳ್ಳುತ್ತ. "ನನ್ನನ್ನೇನು ನೀನು ಡಾಕ್ಟರ ಹತ್ರ ಕರ್ಕೊಂಡು ಹೋದ್ಯಾ?"

"ನೀವು ಸೋಫಾಕ್ಕೆ ಬೆನ್ನು ಉಜ್ಜಲ್ಲವಲ್ಲ."

ಕೊನೆಗೆ ಅವಳೇ ಕರೆದುಕೊಂಡು ಹೋದಳು. ನಾಯಿ ಡಾಕ್ಟರು ಮಿತಭಾಷಿ ಹೆಂಗಸು. ಚರ್ಮವನ್ನು ಒಂದಿಷ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು, ರಕ್ತ ತೆಗೆದರು, ಎರಡು ದಿನ ಬಿಟ್ಟು ತೀರ್ಪು ಕೊಟ್ಟರು. ಹುಳ ಇಲ್ಲ. ಥೈರಾಯ್ಡ್ ಕಡಿಮೆ, ಅದರ ಮೇಲೆ ಚರ್ಮಕ್ಕೆ ಸೋಂಕು. ದಿನವೂ ಮಾತ್ರೆ, ವಾರಕ್ಕೆ ಎರಡು ಸಲ ಔಷಧಿಯ ಶಾಂಪೂ.

"ನೊರೆ ಹಚ್ಚಿ ಹತ್ತು ನಿಮಿಷ ಬಿಡ್ಬೇಕು. ತೊಳೆದ ಮೇಲೆ ಚರ್ಮದ ಮಡಿಕೆ ಮಡಿಕೆ ಬಿಡಿಸಿ ಒರೆಸ್ಬೇಕು. ಅರೆಬರೆ ಮಾಡಿದ್ರೆ ಕೂದಲು ಬರಲ್ಲ."

"ಆ ಹತ್ತು ನಿಮಿಷ ನಾನೇನ್ ಮಾಡ್ಲಿ ಡಾಕ್ಟ್ರೇ?"

"ಏನೂ ಮಾಡ್ಬೇಡಿ. ಕೂತಿರಿ."

ನಲವತ್ತಾರು ವರ್ಷದ ಬಾಳಿನಲ್ಲಿ ಯಾರೂ ಅವಳಿಗೆ ಇಂಥ ಔಷಧಿ ಬರೆದುಕೊಟ್ಟಿರಲಿಲ್ಲ.

ಮೊದಲನೆಯ ಬುಧವಾರ ಅನಾಹುತವೇ ಆಯಿತು. ನೊರೆ ಹಚ್ಚಿ ಒಂದು ನಿಮಿಷವೂ ಆಗಿರಲಿಲ್ಲ, ಗಂಡ ಬಚ್ಚಲಿನ ಬಾಗಿಲು ತಳ್ಳಿಕೊಂಡು, "ನನ್ನ ಕಾಲುಚೀಲ ಎಲ್ಲೇ?" ಎಂದ. ಅವನ ಕಾಲ ಸಂದಿಯಿಂದ ಸಾಹೇಬ ಹೊರಬಿದ್ದ. ನಡುಮನೆ ದಾಟಿ, ಹೊಲಿಗೆ ಯಂತ್ರವಿದ್ದ ಮುಂದಿನ ಕೋಣೆಗೆ ನುಗ್ಗಿ, ಅಲ್ಲಿ ಗುಂಡಿ ಹೊಲಿಯುವುದಕ್ಕೆ ಕಾದು ತೂಗುತ್ತಿದ್ದ ಲಾಯರಮ್ಮನ ಕರಿಕೋಟಿನ ಪಕ್ಕದಲ್ಲೇ ನಿಂತು, ಮೂತಿಯಿಂದ ಬಾಲದವರೆಗೆ ಮೈ ಕೊಡವಿದ. ಕರಿಕೋಟು ನಕ್ಷತ್ರಖಚಿತವಾಯಿತು.

"ನಾನು ಬರೀ ಕಾಲುಚೀಲ ಕೇಳೋಕೆ ಬಂದೆ," ಎಂದ ಗಂಡ.

ಕೋಟನ್ನು ಎರಡು ಸಲ ಒಗೆದ ಮೇಲೆ ಟೈಲರಮ್ಮ ರಾಜಾಜ್ಞೆ ಹೊರಡಿಸಿದಳು. ನಾಯಿಗೆ ಔಷಧಿ ಹಚ್ಚಿದಾಗ ಒಳಗಿನ ಚಿಲಕ ಹಾಕಿರುತ್ತದೆ. ಯಾರೂ ತಟ್ಟಬಾರದು, ಕೂಗಬಾರದು.

"ಮನೆಗೆ ಬೆಂಕಿ ಬಿದ್ರೆ?" ಎಂದಳು ಕಾಲೇಜಿಗೆ ಹೋಗುವ ಮಗಳು.

"ನಲ್ಲಿ ಅಡುಗೆಮನೇಲೂ ಇದೆ."

ಶನಿವಾರ ಚಿಲಕ ಬಿತ್ತು. ಟೈಲರಮ್ಮ ನೊರೆ ಹಚ್ಚಿ, ಬಕೆಟ್ಟನ್ನು ಬೋರಲು ಹಾಕಿ ಕೂತಳು. ಹೊರಗೆ ಮಗಳ ದನಿ ಕೇಳಿತು. "ಅಮ್ಮಾ, ನನ್ನ ಚಾರ್ಜರ್..." ಅವಳು ಅಭ್ಯಾಸಬಲದಿಂದ ಅರ್ಧ ಎದ್ದಳು. ಅಷ್ಟರಲ್ಲಿ ಅತ್ತೆಯ ದನಿ: "ಕೂಗ್ಬೇಡ್ವೇ, ಔಷಧಿ ಹಚ್ಚಿದಾಳೆ." ಆಮೇಲೆ ಮಗಳೇ, "ಓ, ಟೇಬಲ್ ಮೇಲೇ ಇದೆ," ಎಂದಳು.

ಟೈಲರಮ್ಮ ಮತ್ತೆ ಕೂತಳು. ಅವಳು ನಾಯಿಯನ್ನು ನೋಡಿದಳು, ನಾಯಿ ಅವಳನ್ನು ನೋಡಿತು. ಒಬ್ಬರಿಂದ ಒಬ್ಬರಿಗೆ ಏನೂ ಬೇಕಾಗಿರಲಿಲ್ಲ. ಗೋಡೆಯ ಮೇಲಿನ ಕಿಟಕಿಯಲ್ಲಿ ಒಂದು ಚೌಕ ಆಕಾಶವಿತ್ತು. ಈ ಮನೆಗೆ ಬಂದು ಇಪ್ಪತ್ತಮೂರು ವರ್ಷವಾದರೂ ಬಚ್ಚಲಿಗೆ ಆಕಾಶವಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಹತ್ತು ನಿಮಿಷಕ್ಕೆ ಸರಿಯಾಗಿ ತೊಳೆದಳು. (ಅದರಲ್ಲಿ ಅವಳು ಎಂದೂ ಮೋಸ ಮಾಡಲಿಲ್ಲ. ಮೂಕಪ್ರಾಣಿಯ ಚರ್ಮದ ಮಾತು.) ಆದರೆ ಒರೆಸುವುದಕ್ಕೆ ಡಾಕ್ಟರು ಗಡುವು ಹಾಕಿರಲಿಲ್ಲವಲ್ಲ. ಮಡಿಕೆ ಮಡಿಕೆ ಬಿಡಿಸಿ ಎಂದಿದ್ದರು ಅಷ್ಟೆ. ಒಂದು ನಾಯಿಗೆ ಎಷ್ಟು ಮಡಿಕೆ ಇರಬಹುದು? ಟೈಲರಮ್ಮ ವಾರಕ್ಕೊಂದು ಹೊಸ ಮಡಿಕೆ ಕಂಡುಹಿಡಿದಳು. ಮೊದಲು ಅರ್ಧ ಗಂಟೆ, ಆಮೇಲೆ ಮುಕ್ಕಾಲು, ಎರಡು ತಿಂಗಳಾಗುವಷ್ಟರಲ್ಲಿ ಸಾಹೇಬನ ಮಜ್ಜನ ಒಂದೂಕಾಲು ಗಂಟೆಗೆ ಬಂದು ನಿಂತಿತು. ಅದರಲ್ಲಿ ಒಂದು ಗಂಟೆ ಅವನು ಒಣ ಟವೆಲಿನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ, ಅವಳು ಬಕೆಟ್ಟಿನ ಮೇಲೆ ಕೂತಿರುತ್ತಿದ್ದಳು. ಹೊರಗೆ ಬರುವಾಗ ಮಾತ್ರ ಸೊಂಟಕ್ಕೆ ಕೈ ಕೊಟ್ಟು, "ಉಸ್ಸಪ್ಪಾ," ಎನ್ನುತ್ತಿದ್ದಳು. ಒಂದು ದಿನ ಗಂಡ ತಾನಾಗಿ ಎದ್ದು ಹೋಗಿ ಅವಳಿಗೊಂದು ಲೋಟ ನೀರು ತಂದುಕೊಟ್ಟ. ಮನೆಯ ಇತಿಹಾಸದಲ್ಲಿ ದಾಖಲಾಗಬೇಕಾದ ಘಟನೆ.

ತೊಂದರೆ ಸಾಹೇಬನಿಂದಲೇ ಬಂತು. ಅವನು ಗುಣವಾಗತೊಡಗಿದ. ಮೂರನೆಯ ತಿಂಗಳಿಗೆ ಬಾಲದ ಮೇಲೆ ಎಳೆಮೀಸೆಯಂತೆ ಕೂದಲು ಬಂತು, ಬೆನ್ನಿನ ಹೊಟ್ಟು ಉದುರಿತು, ಮೈ ಮಿರಮಿರ ಮಿಂಚಿತು. ದಾರಿಯಲ್ಲಿ ಸಿಕ್ಕವರು ಹೊಗಳಿದಾಗಲೆಲ್ಲ ಟೈಲರಮ್ಮನ ಎದೆ ಧಸಕ್ಕೆನ್ನುತ್ತಿತ್ತು. "ಹೊರಗೆ ಹಾಗೆ ಕಾಣ್ಸುತ್ತೆ, ಒಳಗೆ ಇನ್ನೂ ಬಹಳ ಇದೆ," ಎನ್ನುತ್ತಿದ್ದಳು.

ಡಾಕ್ಟರ ಹತ್ತಿರ ಹೋಗುವ ದಿನ ಗಂಡನೂ ಜೊತೆಗೆ ಬಂದ.

"ಚೆನ್ನಾಗಿ ನೋಡ್ಕೊಂಡಿದೀರಿ," ಎಂದರು ಡಾಕ್ಟರು. "ಮಾತ್ರೆ ಯಾವತ್ತೂ ಬಿಡ್ಬೇಡಿ. ಸ್ನಾನ ಇನ್ನು ತಿಂಗಳಿಗೆ ಒಂದು ಸಾಕು."

"ವಾರಕ್ಕೆ ಎರಡೇ ಇರ್ಲಿ ಡಾಕ್ಟ್ರೇ. ನನಗೇನೂ ಕಷ್ಟ ಇಲ್ಲ."

ಗಂಡ ನಡುವೆ ಬಾಯಿ ಹಾಕಿದ. "ನೋಡಿ ಡಾಕ್ಟ್ರೇ, ಒಂದೊಂದು ಸಲಾನೂ ಒಂದೂಕಾಲು ಗಂಟೆ ಬಾಗಿಲು ಹಾಕ್ಕೊಂಡು ಒದ್ದಾಡ್ತಾಳೆ."

"ಒಂದೂಕಾಲು ಗಂಟೆ," ಎಂದರು ಡಾಕ್ಟರು. ಕನ್ನಡಕದ ಮೇಲಿನಿಂದ ಟೈಲರಮ್ಮನನ್ನು ಒಂದು ಗಳಿಗೆ ನೋಡಿದರು. ಟೈಲರಮ್ಮ ನಾಯಿಯ ಕೊರಳಪಟ್ಟಿ ಸರಿಮಾಡಿದಳು. "ಸರಿ, ಇನ್ನೂ ಎರಡು ತಿಂಗಳು ವಾರಕ್ಕೆ ಎರಡೇ ನಡೀಲಿ. ನಷ್ಟ ಏನಿಲ್ಲ."

ಟೈಲರಮ್ಮ ಡಾಕ್ಟರ ಕೈಗಳನ್ನು ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ. ಆಗ ಗಂಡ ಗಂಟಲು ಸರಿಮಾಡಿಕೊಂಡ.

"ಹಾಗಾದ್ರೆ ಬುಧವಾರದ್ದು ನನಗಿರ್ಲಿ. ಪಾಪ, ಇವಳೊಬ್ಬಳೇ ಎಷ್ಟೂಂತ ಮಾಡ್ತಾಳೆ."

"ಬೇಡ ರೀ. ನಿಮಗೆ ಸೊಂಟ ಹಿಡಿಯುತ್ತೆ."

"ನಿನಗಿಲ್ವಾ ಸೊಂಟ?"

ಈ ಪ್ರಶ್ನೆಗಾಗಿ ಅವಳು ಇಪ್ಪತ್ತಮೂರು ವರ್ಷ ಕಾದಿದ್ದಳು. ಪಾತ್ರೆ ರಾಶಿಯ ಮುಂದೆ ಕಾದಿದ್ದಳು, ಒಗೆಯುವ ಬಟ್ಟೆಯ ಮುಂದೆ ಕಾದಿದ್ದಳು. ಅಲ್ಲೆಲ್ಲ ಬರದೆ ಇಲ್ಲಿ ಬಂತು.

ಗಂಡ ಬಸ್ ಡಿಪೋದಲ್ಲಿ ಟೈಂಕೀಪರ್. ಬುಧವಾರ ಫೋನಿನಲ್ಲಿ ಗಡಿಯಾರ ಹಚ್ಚಿಕೊಂಡೇ ಒಳಗೆ ಹೋದ. ಸರಿಯಾಗಿ ಹತ್ತೊಂಬತ್ತು ನಿಮಿಷಕ್ಕೆ ಚಿಲಕ ತೆಗೆದ. ಹಿಂದೆಯೇ ಸಾಹೇಬ, ಹೊಸದಾಗಿ ಪಾಲಿಶ್ ಮಾಡಿದ ಮೇಜಿನ ಹಾಗೆ. ಸಾಲದ್ದಕ್ಕೆ ಬಚ್ಚಲಿನ ನೆಲವನ್ನೂ ತಿಕ್ಕಿ ಬಂದಿದ್ದ.

"ಇಷ್ಟೇನಾ?" ಎಂದ. ಹೆಮ್ಮೆ ಇಳಿಯುತ್ತ ಬಂದಂತೆ ಹುಬ್ಬು ಮೇಲೇರಿತು. "ಉಳಿದ ಐವತ್ತಾರು ನಿಮಿಷ ನೀನು ಒಳಗೇನ್ ಮಾಡ್ತಿದ್ದೆ?"

ಮಗಳು ಫೋನಿನಿಂದ ತಲೆಯೆತ್ತಿದಳು. ಅತ್ತೆ ಬಟ್ಟೆ ಮಡಚುವುದನ್ನು ನಿಲ್ಲಿಸಿದರು. ಟೈಲರಮ್ಮನಿಗೆ ಒಳ್ಳೆಯದೊಂದು ಸುಳ್ಳು ಹೊಳೆಯಲಿಲ್ಲ.

"ಕೂತಿರ್ತಿದ್ದೆ."

"ಕೂತು?"

"ಕೂತೇ ಇರ್ತಿದ್ದೆ."

"ಅಲ್ವೇ, ಕೂತ್ಕೊಳ್ಳೋಕೆ ಹೊರಗೆ ಸೋಫಾ ಇಲ್ವಾ?"

"ಇದೆ. ನಾನು ಅದರ ಮೇಲೆ ಕೂತ ಎಷ್ಟು ನಿಮಿಷಕ್ಕೆ ನೀವ್ಯಾರಾದ್ರೂ ಕರೀತೀರಿ ಅಂತ ಒಂದು ದಿನ ಲೆಕ್ಕ ಹಾಕಿ. ಟೈಂಕೀಪರ್ ಅಲ್ವಾ ನೀವು."

ಮಗಳು ಮೆಲ್ಲಗೆ ಎದ್ದು ತನ್ನ ಕಾಫಿ ಲೋಟವನ್ನು ತಾನೇ ಒಳಗೆ ತೆಗೆದುಕೊಂಡು ಹೋದಳು. ಅತ್ತೆ ಬಚ್ಚಲಿನ ಬಾಗಿಲನ್ನೇ ಬಹಳ ಹೊತ್ತು ನೋಡುತ್ತ ಕೂತಿದ್ದರು.

ಬುಧವಾರ ಹೋದರೆ ಹೋಯಿತು, ಶನಿವಾರವಾದರೂ ಉಳಿಯಿತಲ್ಲ ಎಂದುಕೊಂಡಳು ಟೈಲರಮ್ಮ. ಗುಟ್ಟು ರಟ್ಟಾದ ಮೇಲೆ ಇನ್ನು ನಟಿಸುವ ಕಷ್ಟವೂ ಇಲ್ಲ. ಶನಿವಾರ ಬೆಳಿಗ್ಗೆ ಟವೆಲು ಹೆಗಲಿಗೆ ಹಾಕಿಕೊಂಡು ಸಾಹೇಬನನ್ನು ಕರೆದಳು. ಸಾಹೇಬ ಬರಲಿಲ್ಲ. ಬಚ್ಚಲಿನ ಬಾಗಿಲು ತಳ್ಳಿದಳು. ಒಳಗಿನ ಚಿಲಕ.

"ಯಾರು ಒಳಗೆ?"

"ನಾನೇ," ಎಂದರು ಅತ್ತೆ.

ಹನ್ನೊಂದು ವರ್ಷದಲ್ಲಿ ಆ ನಾಯಿಗೆ ಅತ್ತೆ ಹೇಳಿದ್ದ ಮಾತು ಒಂದೇ, "ಆಚೆ ಹೋಗು."

"ಅತ್ತೆ, ನಿಮ್ಮ ಕೈಲಾಗಲ್ಲ. ಬಗ್ಗಬೇಕು."

"ನಾನ್ಯಾಕೆ ಬಗ್ಗಲಿ? ಕುರ್ಚಿ ತಂದ್ಕೊಂಡಿದೀನಿ."

"ನೊರೆ ಹತ್ತೇ ನಿಮಿಷ ಅತ್ತೆ."

"ನೊರೆ, ನೀರು ಎಲ್ಲ ಆಯ್ತು. ಈಗ ಒರೆಸ್ತಾ ಇದೀನಿ. ಹೋಗು, ನಿನ್ನ ಕೆಲಸ ನೋಡು."

ಕೆಲಸಗಳೂ ಅವಳನ್ನೇ ನೋಡುತ್ತಿದ್ದವು. ಅಡುಗೆಮನೆಯಲ್ಲಿ ಕುಕ್ಕರು ಕೂಗಿತು, ಮುಂಬಾಗಿಲಲ್ಲಿ ಗಿರಾಕಿ ಗಂಟೆ ಒತ್ತಿದಳು, ಮಹಡಿಯಿಂದ ಗಂಡ, "ಇವಳೇ," ಎಂದು ರಾಗ ಎಳೆದ. ಹೊರಟವಳನ್ನು ಒಳಗಿನ ದನಿ ನಿಲ್ಲಿಸಿತು.

"ಕೇಳಿಲ್ಲಿ. ನನ್ನ ಕನ್ನಡಕ ಮಂಚದ ಮೇಲಿದೆ, ತಂದುಕೊಡು."

ಟೈಲರಮ್ಮ ತಂದಳು. ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಸುಕ್ಕುಗಟ್ಟಿದ ಒದ್ದೆ ಕೈಯೊಂದು ಬಂದು ಕನ್ನಡಕ ತೆಗೆದುಕೊಂಡು ಹೋಯಿತು. ಚಿಲಕ ಬಿತ್ತು.

"ಇನ್ನೂ ಎಷ್ಟೊತ್ತಾಗುತ್ತೆ ಅತ್ತೆ?" ಎಂದಳು ಟೈಲರಮ್ಮ, ಬಾಗಿಲಿಗೆ ಬಾಯಿಟ್ಟು.

ಒಳಗೆ ಹಾಳೆ ತಿರುವಿದ ಸದ್ದಾಯಿತು.

"ಗೊತ್ತಿಲ್ಲಮ್ಮ. ಕಾದಂಬರಿ ಆರುನೂರು ಪುಟ ಇದೆ. ಈಗ ತಾನೇ ಶುರು ಮಾಡಿದೀನಿ."